ಬೀಡಿ ಕಟ್ಟಿ ದಣಿದ ಬೆನ್ನಿಗೆ ಧ್ಯಾನ: ನೆಲದಲ್ಲಿ ಕೂರಲಾಗದ ಅಮ್ಮನಿಗೆ ಹೇಗೆ ಕಲಿಸಲಿ?

ಪರ್ಕಳದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಅಮ್ಮ ಮದುವೆಗೆ ಮೊದಲಿನಿಂದಲೂ ಬೀಡಿ ಕಟ್ಟಿದವರು. ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಕುತ್ತಿಗೆ ಬಗ್ಗಿಸಿ, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುರುಳಿ ಸುತ್ತಿ ನೂಲು ಕಟ್ಟುವ ಆ ಕೆಲಸದಿಂದಲೇ ನಮ್ಮನ್ನೆಲ್ಲ ಓದಿಸಿದ್ದಾರೆ. ಬ್ರಾಂಚಿಗೆ ಬೀಡಿ ಕೊಡುವುದನ್ನು ನಿಲ್ಲಿಸಿ ಕೆಲವು ವರ್ಷಗಳಾದವು. ಆದರೆ ಸೊಂಟದ ನೋವು, ಕುತ್ತಿಗೆಯಿಂದ ಬಲಭುಜದವರೆಗಿನ ಸೆಳೆತ ಹಾಗೆಯೇ ಉಳಿದಿವೆ. ರಾತ್ರಿ ನಿದ್ದೆ ಅರ್ಧಂಬರ್ಧ. ಮೂಳೆಯ ವೈದ್ಯರಿಗೆ ತೋರಿಸಿದ್ದೇವೆ, ಎಕ್ಸ್‌ರೇ ಮತ್ತು ಎಂಆರ್‌ಐ ಎರಡೂ ಆಗಿವೆ. ವಯಸ್ಸಿಗೆ ಸಹಜವಾದ ಸವೆತ ಉಂಟು, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ, ಹೇಳಿಕೊಟ್ಟ ವ್ಯಾಯಾಮವನ್ನು ತಪ್ಪದೆ ಮಾಡಿಸಿ, ಜೊತೆಗೆ ಸ್ವಲ್ಪ ಧ್ಯಾನ ಕಲಿಸಿದರೆ ಒಳ್ಳೆಯದು ಎಂದು ಅವರು ಹೇಳಿದರು. ಹೊರಗೆ ಬಹಳ ಜನ ಕಾಯುತ್ತಿದ್ದುದರಿಂದ ಅದನ್ನು ಹೇಗೆ ಕಲಿಸಬೇಕೆಂಬ ವಿವರ ಸಿಗಲಿಲ್ಲ.

ಅಮ್ಮನಿಗೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಆಗುವುದಿಲ್ಲ. ಕಣ್ಣು ಮುಚ್ಚಿದರೆ ನೋವೇ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುತ್ತಾರೆ. ಮೊಬೈಲಿನಲ್ಲಿ ಸಿಕ್ಕಿದ ಧ್ವನಿಮುದ್ರಣಗಳನ್ನು ಕೇಳಿಸಿದೆ. ಮನೆಯಲ್ಲಿ ತುಳು ಮಾತನಾಡುವ ಅವರಿಗೆ ಆ ಭಾಷೆಯೂ ವೇಗವೂ ಒಗ್ಗಲಿಲ್ಲ. "ಅದೆಲ್ಲ ಮಠದಲ್ಲಿ ಇರುವವರಿಗೆ, ನಮಗಲ್ಲ" ಎಂದು ಎದ್ದುಹೋದರು. ಇಂಥವರಿಗೆ ಎಲ್ಲಿಂದ ಆರಂಭಿಸಬೇಕು? ನೋವಿಗೆ ಇದರಿಂದ ನಿಜವಾಗಿಯೂ ಪ್ರಯೋಜನವಿದೆಯೇ?

ಫಿಸಿಯೋಥೆರಪಿಸ್ಟ್, ಮಂಗಳೂರು

ನಮಸ್ಕಾರ ಅಕ್ಕಾ. ಬೀಡಿ ಕಟ್ಟಿದವರ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರ ಬೆನ್ನು ಕುತ್ತಿಗೆಗಳನ್ನು ದಿನವೂ ನೋಡುವವನಾದ್ದರಿಂದ ನಿಮ್ಮ ಅಮ್ಮನ ಸ್ಥಿತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲಿಗೆ ಒಂದು ವಿಷಯವನ್ನು ಅವರಿಗೆ ಸ್ಪಷ್ಟವಾಗಿ ಹೇಳಿಬಿಡಿ. ಧ್ಯಾನ ಮಾಡಿದರೆ ನೋವು ಪೂರ್ತಿ ಹೋಗಿಬಿಡುತ್ತದೆ ಎಂಬ ಭರವಸೆ ಕೊಡಬೇಡಿ, ಏಕೆಂದರೆ ಆ ಭರವಸೆಯಿಂದ ಕೂತವರು ವಾರದೊಳಗೆ ನಿರಾಶರಾಗಿ ಬಿಟ್ಟುಬಿಡುತ್ತಾರೆ. ನೋವಿನ ಸುತ್ತ ದೇಹ ಕಟ್ಟಿಕೊಳ್ಳುವ ಬಿಗಿತವನ್ನೂ, ಇನ್ನು ನನ್ನಿಂದ ಏನೂ ಆಗದು ಎಂಬ ಅಂಜಿಕೆಯನ್ನೂ ಇಳಿಸುವುದು ಧ್ಯಾನದ ಕೆಲಸ. ಸೊಂಟ ನೋಯುತ್ತದೆಂದು ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬಿಗಿದ ಸ್ನಾಯು ತಾನೇ ನೋಯಲು ಆರಂಭಿಸುತ್ತದೆ, ಆ ನೋವಿಗೆ ಹೆದರಿ ಮನುಷ್ಯ ಓಡಾಟ ಕಡಿಮೆ ಮಾಡುತ್ತಾನೆ, ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮರುದಿನ ಅಷ್ಟೇ ನೋವು ಹೆಚ್ಚಾಗಿ ಕಾಡುತ್ತದೆ. ಎಳೆದಷ್ಟೂ ಬಿಗಿಯುವ ನೂಲಿನ ಗಂಟಿನ ಹಾಗೆ ಎಂದರೆ ಅಮ್ಮನಿಗೆ ತಕ್ಷಣ ತಿಳಿದೀತು.

ಕೂರುವ ವಿಷಯದಲ್ಲಿ ಚಿಂತೆ ಬೇಡ. ಕಾರ್ಕಳದ ಗೊಮ್ಮಟೇಶ್ವರ 1432ರಿಂದಲೂ ನಿಂತೇ ಇದ್ದಾನೆ, ಕಾಯೋತ್ಸರ್ಗ ಎಂಬ ಆ ನಿಲುವೂ ಧ್ಯಾನದ ಭಂಗಿಯೇ. ನಿಮ್ಮ ಅಮ್ಮನಿಗೆ ಊಟದ ಮೇಜಿನ ಗಟ್ಟಿ ಕುರ್ಚಿ ಸಾಕು. ನಡುವೆ ತಗ್ಗುವ ಪ್ಲಾಸ್ಟಿಕ್ ಕುರ್ಚಿಯಾಗಲಿ ಸೋಫಾ ಆಗಲಿ ಬೇಡ. ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗಬೇಕು. ತಾಗದಿದ್ದರೆ ಕೆಳಗೆ ಒಂದು ಮಣೆ ಇಡಿ. ಸೊಂಟದ ಹಿಂದಿನ ಟೊಳ್ಳಿಗೆ ಮಡಚಿದ ಬೈರಾಸು (ಟವೆಲು) ಇಟ್ಟರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಕುರ್ಚಿಯೂ ಕಷ್ಟವಾದ ದಿನ ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲುಗಳ ಕೆಳಗೆ ದಿಂಬು ಇಟ್ಟುಕೊಳ್ಳಬಹುದು.

ಮೊದಲ ಕೆಲವು ದಿನ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಒಂದು ಅಂಗೈಯನ್ನು ಹೊಕ್ಕುಳಿನ ಮೇಲೆ ಇಟ್ಟುಕೊಳ್ಳಲಿ. ಉಸಿರು ಒಳಗೆ ಬರುವಾಗ ಕೈ ಮೇಲೇಳುವುದನ್ನು, ಹೊರಹೋಗುವಾಗ ಇಳಿಯುವುದನ್ನು ಗಮನಿಸಿದರೆ ಸಾಕು. ಹೊರಹೋಗುವ ಉಸಿರು ಒಳಬರುವುದಕ್ಕಿಂತ ತುಸು ಉದ್ದವಾಗಿರಲಿ, ಆದರೆ ಬಲವಂತ ಬೇಡ, ಉಸಿರು ಕಟ್ಟಿ ಹಿಡಿಯುವುದು ಬೇಡವೇ ಬೇಡ. ಹೃದಯದ ಬಡಿತ ಉಸಿರು ಒಳಗೆಳೆಯುವಾಗ ತುಸು ವೇಗವಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ನಿಧಾನವಾಗಿ ಬಿಡುವುದಕ್ಕೆ ಹೇಳುವ ಕಾರಣ ಅದು. ಪ್ರತಿ ಸಲ ಉಸಿರು ಬಿಡುವಾಗ ಮನಸ್ಸಿನಲ್ಲಿಯೇ ಒಂದೊಂದು ಎಣಿಸಿ, ಹತ್ತಕ್ಕೆ ಬಂದ ಮೇಲೆ ಮತ್ತೆ ಒಂದರಿಂದ ಆರಂಭಿಸಲಿ. ನಡುವೆ ಮನಸ್ಸು ಒಲೆಯ ಮೇಲಿಟ್ಟ ಕುಚ್ಚಲಕ್ಕಿಯ ಕಡೆಗೋ ಮೊಮ್ಮಕ್ಕಳ ಶಾಲೆಯ ಕಡೆಗೋ ಹೋಗುವುದು ಖಂಡಿತ. ಹೋಯಿತೆಂದು ತಿಳಿದ ಕ್ಷಣ ಬೇಸರಿಸದೆ ಒಂದಕ್ಕೆ ಮರಳಬೇಕು. ಹಾಗೆ ಮರಳುವುದೇ ಇಲ್ಲಿನ ಅಭ್ಯಾಸ. ಮನಸ್ಸು ಹೋಗದಂತೆ ತಡೆಯುವುದು ಯಾರಿಂದಲೂ ಆಗುವ ಕೆಲಸವಲ್ಲ.

ಇದು ಒಗ್ಗಿದ ಮೇಲೆ ಎರಡನೆಯದನ್ನು ಸೇರಿಸಿ. ಪಾದದ ಬೆರಳುಗಳಿಂದ ಆರಂಭಿಸಿ ಹಿಮ್ಮಡಿ, ಮೀನಖಂಡ, ಮೊಣಕಾಲು, ತೊಡೆ, ಸೊಂಟ, ಹೊಟ್ಟೆ, ಬೆನ್ನು, ಭುಜ, ಕೈ, ಕುತ್ತಿಗೆ, ದವಡೆ, ಹಣೆ ಹೀಗೆ ಗಮನವನ್ನು ನಿಧಾನವಾಗಿ ಮೇಲಕ್ಕೆ ತರುವುದು. ಪ್ರತಿ ಭಾಗದಲ್ಲಿ ಎರಡು ಮೂರು ಉಸಿರು ನಿಂತು, ಅಲ್ಲಿ ಏನು ಅನಿಸುತ್ತದೆಯೋ ಅದನ್ನು ನೋಡಬೇಕು. ನೋಯುವ ಜಾಗಕ್ಕೆ ಬಂದಾಗ "ಅಯ್ಯೋ ನೋವು" ಎಂಬಲ್ಲಿಗೇ ನಿಲ್ಲದೆ, ಅದು ಬಿಸಿಯಾಗಿದೆಯೇ, ಮಿಡಿಯುತ್ತಿದೆಯೇ, ಎಳೆಯುತ್ತಿದೆಯೇ, ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಉಸಿರು ಬಿಟ್ಟಾಗ ಬದಲಾಗುತ್ತದೆಯೇ ಎಂದು ಗಮನಿಸಲಿ. ಇಡೀ ಬೆನ್ನು ನೋಯುತ್ತದೆ ಎನ್ನುತ್ತಿದ್ದವರು ಹೀಗೆ ನೋಡಲು ಕಲಿತ ಮೇಲೆ, ಅಂಗೈಯಷ್ಟು ಜಾಗದಲ್ಲಿ ನೋವು, ಉಳಿದ ಕಡೆ ಬಿಗಿತ ಎಂದು ಬೇರೆ ಮಾಡಿ ಹೇಳುವುದನ್ನು ನಾನು ಕೇಳಿದ್ದೇನೆ. ಆ ಬಿಗಿತದ ಪಾಲನ್ನು ನಾವು ಇಳಿಸಬಹುದು. ನೋವು ತೀರಾ ಹೆಚ್ಚಾದರೆ ಅಲ್ಲಿಯೇ ನಿಲ್ಲುವ ಹಟ ಬೇಡ. ನೋವಿಲ್ಲದ ಯಾವುದಾದರೂ ಭಾಗಕ್ಕೆ, ಅಂಗೈಗೋ ಪಾದಕ್ಕೋ, ಗಮನವನ್ನು ತಂದುಕೊಳ್ಳಲಿ. ಕಣ್ಣು ಮುಚ್ಚಿದರೆ ನೋವು ದೊಡ್ಡದಾಗುವವರು ಕಣ್ಣನ್ನು ಅರೆ ತೆರೆದು ನೆಲ ನೋಡುತ್ತ ಕೂರಬಹುದು.

ಇನ್ನೊಂದು ಮಾತು. ಇವತ್ತು ನೋವು ಎಷ್ಟಿದೆ ಎಂದು ಅವರನ್ನು ದಿನವೂ ಕೇಳಬೇಡಿ. ಎಷ್ಟು ಹೊತ್ತು ನಿಂತು ಅಡುಗೆ ಮಾಡಲು ಆಯಿತು, ರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಬಂತೇ ಎಂದು ಕೇಳಿ. ಸುಧಾರಣೆ ಮೊದಲು ಕಾಣುವುದು ಅಲ್ಲಿ. ಹೇಳಿಕೊಟ್ಟ ವ್ಯಾಯಾಮವನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು.

ಕಾಪುವಿನ ಓದುಗ

ಮೇಲಿನ ಉತ್ತರ ವಿವರವಾಗಿದೆ, ಅದಕ್ಕೆ ಗೌರವವಿದೆ. ಆದರೂ ನನಗೊಂದು ಆಕ್ಷೇಪವಿದೆ, ಅದನ್ನು ಹೇಳದೆ ಇರಲಾರೆ. ನೋವಿಗೆ ಧ್ಯಾನ ಮಾಡಿ ಎಂಬ ಸಲಹೆಯನ್ನು ಕೇಳಿದ ಅನೇಕರಿಗೆ, ನಿಮ್ಮ ನೋವು ಮನಸ್ಸಿನದ್ದು, ನಿಜವಾದದ್ದಲ್ಲ ಎಂದು ಹೇಳಿದಂತೆ ಕೇಳಿಸುತ್ತದೆ. ನನ್ನ ಹೆಂಡತಿಗೆ ಸಂಧಿವಾತ ಎಂದು ಗೊತ್ತಾಗುವ ಮೊದಲು ಬಹಳ ಕಾಲ ಅವಳು ಕೇಳಿದ್ದು ಟೆನ್ಶನ್ ಕಡಿಮೆ ಮಾಡಿಕೊಳ್ಳಿ ಎಂಬ ಮಾತನ್ನೇ. ದುಡಿದು ಸವೆದ ಬೆನ್ನಿನ ಹೆಂಗಸಿಗೆ ಹಾಗೆ ಅನಿಸಬಾರದು. ಅಲ್ಲದೆ, ಇದರಿಂದ ಉಪಯೋಗವಿದೆ ಎಂಬುದಕ್ಕೆ ಅನುಭವದ ಮಾತಿಗಿಂತ ಗಟ್ಟಿಯಾದ ಆಧಾರ ಏನಿದೆ? ತಿಳಿದವರು ಹೇಳಬೇಕು.

ಮಣಿಪಾಲದ ಉಪನ್ಯಾಸಕ

ಕಾಪುವಿನವರ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರಿಸುವುದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಮಾಡುವ ನನ್ನಂಥವರ ಕರ್ತವ್ಯ.

ನೋವು ನಿಜವೋ ಮನಸ್ಸಿನದ್ದೋ ಎಂಬ ವಿಂಗಡಣೆಯನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1979ರಲ್ಲಿ ಪ್ರಕಟಿಸಿ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆ, ನೋವು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು ಎನ್ನುತ್ತದೆ. ಇದು ಎಲ್ಲ ನೋವಿಗೂ ಅನ್ವಯಿಸುವ ಮಾತು, ಮೂಳೆ ಮುರಿದ ನೋವಿಗೂ ಸಹ. ಅದಕ್ಕೂ ಮೊದಲು, 1965ರಲ್ಲಿಯೇ, ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು, ದೇಹದಿಂದ ಬರುವ ನೋವಿನ ಸಂಕೇತಗಳು ಬೆನ್ನುಹುರಿಯಲ್ಲಿ ಹೆಚ್ಚೂ ಆಗಬಹುದು ಕಡಿಮೆಯೂ ಆಗಬಹುದು, ಮಿದುಳಿನಿಂದ ಇಳಿದುಬರುವ ಸಂಕೇತಗಳಿಗೂ ಅದರಲ್ಲಿ ಪಾತ್ರವಿದೆ ಎಂಬ ಸಿದ್ಧಾಂತವನ್ನು ಮುಂದಿಟ್ಟರು. ಅದರ ವಿವರಗಳು ಮುಂದೆ ತಿದ್ದುಪಡಿಯಾದರೂ ಮೂಲ ವಿಚಾರ ಉಳಿದಿದೆ. ಆದ್ದರಿಂದ ಧ್ಯಾನ ಮಾಡಿ ಎನ್ನುವುದು ನೋವನ್ನು ಅಲ್ಲಗಳೆದಂತೆ ಅಲ್ಲ. ಆದರೆ ಪರೀಕ್ಷೆ ಮಾಡದೆ, ಕಾರಣ ಹುಡುಕದೆ ಅದನ್ನು ಹೇಳುವುದು ಖಂಡಿತ ತಪ್ಪು. ನಿಮ್ಮ ಮನೆಯವರಿಗೆ ಆದದ್ದು ಯಾರಿಗೂ ಆಗಬಾರದು.

ಆಧಾರದ ಬಗ್ಗೆ ಹೇಳುವುದಾದರೆ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್ ಝಿನ್ ಅವರು 1979ರಲ್ಲಿ ದೀರ್ಘಕಾಲದ ಕಾಯಿಲೆಯವರಿಗೆಂದು ಎಂಟು ವಾರಗಳ ಒಂದು ತರಬೇತಿಯನ್ನು ಆರಂಭಿಸಿದರು. ಉಸಿರಿನ ಗಮನ, ಮೇಲಿನವರು ವಿವರಿಸಿದ ದೇಹದ ಅವಲೋಕನ, ಸರಳ ಯೋಗಾಸನ ಇವು ಅದರ ಭಾಗಗಳು. ಬೌದ್ಧ ಧ್ಯಾನದಿಂದ ಮತ್ತು ಯೋಗದಿಂದ ತೆಗೆದುಕೊಂಡು, ಯಾವ ಮತದವರೂ ಮಾಡಬಹುದಾದ ರೂಪಕ್ಕೆ ತಂದದ್ದು ಅದರ ವಿಶೇಷ. ಅದನ್ನು ಸೊಂಟ ನೋವಿನಲ್ಲಿ ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ದೀರ್ಘಕಾಲದ ಸೊಂಟ ನೋವಿದ್ದ 342 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ಈ ಧ್ಯಾನದ ತರಬೇತಿ, ಇನ್ನೊಂದಕ್ಕೆ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳುವ ಮನೋಚಿಕಿತ್ಸೆ, ಮೂರನೆಯದಕ್ಕೆ ಎಂದಿನ ಚಿಕಿತ್ಸೆ ಎಂದು ಹಂಚಿದರು. 26 ವಾರಗಳಾದಾಗ ದಿನನಿತ್ಯದ ಕೆಲಸಗಳಲ್ಲಿ ಗಣನೀಯ ಸುಧಾರಣೆ ಕಂಡವರು ಧ್ಯಾನದ ಗುಂಪಿನಲ್ಲಿ ಸುಮಾರು ಶೇಕಡಾ 60, ಮನೋಚಿಕಿತ್ಸೆಯ ಗುಂಪಿನಲ್ಲಿ ಸುಮಾರು 58, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 44. ಮರುವರ್ಷ, 2017ರಲ್ಲಿ, ಅಮೆರಿಕದ ವೈದ್ಯರ ಕಾಲೇಜು ಹೊರತಂದ ಮಾರ್ಗಸೂಚಿಯಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಔಷಧಕ್ಕಿಂತ ಮೊದಲು ಪರಿಗಣಿಸಬೇಕಾದ ಕ್ರಮಗಳಲ್ಲಿ ವ್ಯಾಯಾಮ, ಯೋಗಗಳ ಜೊತೆಗೆ ಈ ಧ್ಯಾನದ ತರಬೇತಿಯೂ ಸೇರಿತು.

ಮೂರನೆಯ ಗುಂಪಿನಲ್ಲಿಯೂ ಶೇಕಡಾ 44 ಮಂದಿ ಸುಧಾರಿಸಿದರು, ಧ್ಯಾನದ ಗುಂಪಿನಲ್ಲಿ 40ರಷ್ಟು ಮಂದಿಗೆ ಅಂಥ ಸುಧಾರಣೆ ಕಾಣಲಿಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. 2014ರಲ್ಲಿ 47 ಪ್ರಯೋಗಗಳನ್ನು ಒಟ್ಟು ಸೇರಿಸಿ ಪರಿಶೀಲಿಸಿದ ಒಂದು ವಿಮರ್ಶೆಯೂ ಆತಂಕ, ಖಿನ್ನತೆ ಮತ್ತು ನೋವುಗಳಲ್ಲಿ ಸಾಧಾರಣ ಮಟ್ಟದ ಪ್ರಯೋಜನಕ್ಕೆ ಆಧಾರವಿದೆ ಎಂದಿತು; ವ್ಯಾಯಾಮ ಅಥವಾ ಔಷಧದಂಥ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನಲು ಆಧಾರ ಸಿಗಲಿಲ್ಲ ಎಂದೂ ಹೇಳಿತು. ಪ್ರಯೋಜನ ಉಂಟು, ಪವಾಡ ಇಲ್ಲ. ನನ್ನ ವಿದ್ಯಾರ್ಥಿಗಳಿಗೂ ನಾನು ಹೀಗೆಯೇ ಹೇಳುವುದು.

ನನಗೆ ಬಹಳ ಮುಖ್ಯವೆನಿಸುವ ಒಂದು ಚಿಕ್ಕ ಪ್ರಯೋಗ 2011ರದ್ದು. ಫಾದೆಲ್ ಝೈದಾನ್ ಮತ್ತು ಸಂಗಡಿಗರು ಹದಿನೈದು ಮಂದಿ ಆರೋಗ್ಯವಂತರಿಗೆ ನಾಲ್ಕು ದಿನ, ದಿನಕ್ಕೆ 20 ನಿಮಿಷ ಉಸಿರಿನ ಧ್ಯಾನ ಕಲಿಸಿ, ಕಾಲಿಗೆ ಚುರುಕೆನ್ನುವ ಬಿಸಿ ಮುಟ್ಟಿಸಿ ನೋಡಿದರು. ಧ್ಯಾನ ಮಾಡುತ್ತಿರುವಾಗ ನೋವಿನ ತೀವ್ರತೆ ಸುಮಾರು ಶೇಕಡಾ 40 ಇಳಿದರೆ, ಆ ನೋವಿನಿಂದಾಗುವ ಸಂಕಟ 57ರಷ್ಟು ಇಳಿಯಿತು. ಪ್ರಯೋಗಶಾಲೆಯ ಬಿಸಿಯೇ ಬೇರೆ, ಹತ್ತಾರು ವರ್ಷಗಳ ಬೆನ್ನು ನೋವೇ ಬೇರೆ ಎಂಬುದು ನಿಜ. ಆದರೂ ನೋವು ಮತ್ತು ಅದರ ಸಂಕಟ ಒಂದೇ ಪ್ರಮಾಣದಲ್ಲಿ ಏರಿಳಿಯುವುದಿಲ್ಲ, ಸಂಕಟವೇ ಹೆಚ್ಚು ಇಳಿಯುತ್ತದೆ ಎಂಬ ಅಂಶ ಫಿಸಿಯೋಥೆರಪಿಯವರು ಹೇಳಿದ ಮಾತಿಗೆ ಸರಿಯಾಗಿ ಹೊಂದುತ್ತದೆ.

ಕಾಪುವಿನ ಓದುಗ

ಇಷ್ಟು ನೇರವಾಗಿ ಎರಡೂ ಬದಿಯನ್ನು ಹೇಳಿದ್ದಕ್ಕೆ ಧನ್ಯವಾದ ಸರ್. ಸಂಕಟ ಬೇರೆ, ನೋವು ಬೇರೆ ಎಂಬುದನ್ನು ಹೆಂಡತಿಗೆ ಓದಿ ಹೇಳಿದೆ. ಮಾತ್ರೆ ತಪ್ಪಿಸದೆ ಇದನ್ನೂ ಮಾಡಿ ನೋಡುತ್ತೇನೆ ಎಂದಿದ್ದಾಳೆ.

ಬಜ್ಪೆಯಿಂದ ಒಬ್ಬ ತಾಯಿ

ನಾವು ಕ್ರೈಸ್ತರು, ಮನೆಮಾತು ಕೊಂಕಣಿ. ಯಜಮಾನರು ಗಲ್ಫಿನಲ್ಲಿ, ಮನೆಯ ಸಾಲ, ಮಕ್ಕಳ ಓದು, ಅತ್ತೆಯವರ ಆರೈಕೆ ಎಲ್ಲವೂ ನನ್ನ ತಲೆಯ ಮೇಲೆ. ಮೈಗ್ರೇನ್ ಬಂದರೆ ಒಂದು ದಿನ ಹಾಳು. ಒತ್ತಡ ಹೆಚ್ಚಾದಾಗಲೇ ಅದು ಬರುವುದು ಎಂದು ನನಗೆ ಚೆನ್ನಾಗಿ ಗೊತ್ತಾಗಿದೆ. ಧ್ಯಾನದ ತರಗತಿಗೆ ಬಾ ಎಂದು ನೆರೆಯವರು ಕರೆಯುತ್ತಾರೆ, ಅಲ್ಲಿ ಹೇಳಿಸುವ ಮಂತ್ರಗಳು ನನ್ನ ನಂಬಿಕೆಯವಲ್ಲ ಎಂಬ ಸಂಕೋಚ. ನಮ್ಮ ಪ್ರಾರ್ಥನೆಯನ್ನೇ ಈ ರೀತಿ ಮಾಡಿದರೆ ಆಗುತ್ತದೆಯೇ?

ಮಣಿಪಾಲದ ಉಪನ್ಯಾಸಕ

ಖಂಡಿತ ಆಗುತ್ತದೆ ಮೇಡಂ. ಹಾರ್ವರ್ಡ್‌ನ ಹೃದ್ರೋಗ ವೈದ್ಯ ಹರ್ಬರ್ಟ್ ಬೆನ್ಸನ್ 1970ರ ದಶಕದಲ್ಲಿ ಧ್ಯಾನಿಗಳ ಹೃದಯ ಬಡಿತ, ಉಸಿರು, ಆಮ್ಲಜನಕದ ಬಳಕೆ ಇವನ್ನೆಲ್ಲ ಅಳೆದು ನೋಡಿದವರು. ದೇಹ ಶಾಂತವಾಗಲು ಇಂಥದೇ ಮಂತ್ರ ಬೇಕೆಂದಿಲ್ಲ, ಒಂದು ಪದವನ್ನೋ ಪ್ರಾರ್ಥನೆಯ ಸಾಲನ್ನೋ ಉಸಿರಿನೊಂದಿಗೆ ಮತ್ತೆ ಮತ್ತೆ ಹೇಳಿಕೊಂಡು, ಬೇರೆ ಆಲೋಚನೆ ಬಂದಾಗ ಅದರ ಬೆನ್ನು ಹತ್ತದೆ ಆ ಪದಕ್ಕೆ ಮರಳಿದರೆ ಸಾಕು ಎಂಬುದು ಅವರ ತೀರ್ಮಾನ. ಹತ್ತರಿಂದ ಇಪ್ಪತ್ತು ನಿಮಿಷ ಎಂದು ಅವರು ಹೇಳುತ್ತಿದ್ದರು. ನೀವು ಜಪಸರ ಹಿಡಿದು ಹೇಳುವ ಪ್ರಾರ್ಥನೆಯನ್ನು ಅವಸರವಿಲ್ಲದೆ, ಪ್ರತಿ ಮಣಿಗೂ ಒಂದು ಉದ್ದವಾದ ಉಸಿರು ಬಿಡುತ್ತ ಹೇಳಿ. ನಮ್ಮ ನೆರೆಯ ಬ್ಯಾರಿ ಕುಟುಂಬದ ಹಿರಿಯರು ನಮಾಜಿನ ನಂತರ ತಸ್ಬೀಹ್ ಹಿಡಿದು ಹೀಗೆಯೇ ಕೂರುತ್ತಾರೆ. ಆದರೆ ಮೈಗ್ರೇನ್ ಆರಂಭವಾದ ಮೇಲೆ ಇದರಿಂದ ತಡೆಯಬಹುದು ಎಂದು ಕಾಯಬೇಡಿ, ಆಗ ವೈದ್ಯರು ಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಇದು ನೋವಿಲ್ಲದ ದಿನಗಳಲ್ಲಿ ಮಾಡುವ ಅಭ್ಯಾಸ.

ಸುರತ್ಕಲ್‌ನ ವಿದ್ಯಾರ್ಥಿ

ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಪರೀಕ್ಷೆಯ ಒತ್ತಡ ಕಡಿಮೆಯಾಗಲೆಂದು ಉಸಿರನ್ನು ಗಮನಿಸಲು ಕೂತರೆ, ಉಸಿರು ಸಾಲದಂತೆ ಅನಿಸಿ, ಎದೆ ಹೊಡೆದುಕೊಂಡು, ಕೈಕಾಲು ಜುಮ್ಮೆನ್ನುತ್ತದೆ. ಹಾಸ್ಟೆಲಿನಲ್ಲಿ ಎಲ್ಲರೂ ಶಾಂತವಾಗಿ ಕೂತಿರುವಾಗ ನನಗೊಬ್ಬನಿಗೆ ಹೀಗಾಗುವುದೇಕೆ ಎಂದು ಭಯವಾಗಿದೆ.

ನಿವೃತ್ತ ನರ್ಸ್, ಉಡುಪಿ

ನೀವೊಬ್ಬರೇ ಅಲ್ಲ ತಮ್ಮ, ಅನೇಕರಿಗೆ ಹೀಗಾಗುತ್ತದೆ. ಹೆದರಿಕೊಳ್ಳಬೇಡಿ. ಆತಂಕದ ಸ್ವಭಾವದವರು ಉಸಿರನ್ನು ಗಮನಿಸಲು ಹೊರಟಾಗ ತಿಳಿಯದೆಯೇ ಆಳವಾಗಿ, ಬೇಗಬೇಗ ಉಸಿರಾಡುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಕೈಕಾಲು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಆಸ್ತಮಾ ಇರುವವರಿಗೂ ಉಸಿರಿನ ಮೇಲೆಯೇ ಗಮನ ಇಡುವುದು ಹಿತವಾಗದಿರಬಹುದು. ಇಂಥವರು ಉಸಿರನ್ನು ಬಿಟ್ಟು ಬೇರೆ ಏನನ್ನಾದರೂ ಹಿಡಿದುಕೊಳ್ಳಬೇಕು. ನಮ್ಮ ಊರಿನಲ್ಲಿ ಆಟಿ ತಿಂಗಳ ಮಳೆಗಿಂತ ಒಳ್ಳೆಯ ಆಸರೆ ಯಾವುದಿದೆ? ಕಣ್ಣು ತೆರೆದುಕೊಂಡೇ ಜಗಲಿಯಲ್ಲಿ ಕೂತು, ಹಂಚಿನ ಮಾಡಿನ ಮೇಲೆ ಬೀಳುವ ಸದ್ದು, ಅಂಗಳದ ನೀರಿನಲ್ಲಿ ಬೀಳುವ ಸದ್ದು, ತೆಂಗಿನ ಗರಿಯಿಂದ ತೊಟ್ಟಿಕ್ಕುವ ಸದ್ದು ಎಂದು ಒಂದೊಂದನ್ನೇ ಬೇರೆ ಮಾಡಿ ಕೇಳಿ. ಮಳೆಯಿಲ್ಲದ ದಿನ ಬರಿಗಾಲನ್ನು ನೆಲಕ್ಕೆ ಒತ್ತಿ, ನೆಲದ ತಂಪನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಗಮನಿಸಿ. ಎರಡು ಮೂರು ನಿಮಿಷ ಸಾಕು. ಜುಮ್ಮೆನ್ನಲು ಆರಂಭವಾದರೆ ನಿಲ್ಲಿಸಿ, ಎದ್ದು ನಡೆದಾಡಿ.

ಹೀಗೆ ಮಾಡಿಯೂ ಭಯ ಮರಳಿ ಮರಳಿ ಬರುತ್ತಿದ್ದರೆ, ನಿದ್ದೆ ಊಟ ಬಿಟ್ಟುಹೋಗಿದ್ದರೆ, ಧ್ಯಾನದಿಂದಲೇ ಸರಿಪಡಿಸಿಕೊಳ್ಳುತ್ತೇನೆ ಎಂದು ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ, ಶುಲ್ಕವಿಲ್ಲ. ಹಿಂದೆ ದೊಡ್ಡ ಆಘಾತ ಕಂಡವರು, ಮನೋರೋಗಕ್ಕೆ ಔಷಧ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಹತ್ತು ದಿನಗಳ ಮೌನ ಶಿಬಿರದಂಥವಕ್ಕೆ ಹೋಗಬಾರದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ನೋವಿನ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಎದೆ ನೋವು ಬಂದು ಎಡಗೈಗೋ ದವಡೆಗೋ ಹರಡಿದರೆ, ಬೆವರು ಸುರಿದರೆ, ಆ ಕ್ಷಣ ಆಸ್ಪತ್ರೆಗೆ ಹೋಗಬೇಕು. ಸೊಂಟ ನೋವಿನ ಜೊತೆಗೆ ಕಾಲಿನ ಶಕ್ತಿ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಮರಗಟ್ಟುವುದು ಕಂಡರೆ ಅದೂ ತುರ್ತು. ಜ್ವರ ಬರುತ್ತಿದ್ದರೆ ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡಮಾಡದೆ ತೋರಿಸಿ. ವಾರ್ಡಿನಲ್ಲಿ ಇಷ್ಟು ವರ್ಷ ದುಡಿದವಳಾಗಿ ಈ ಮಾತನ್ನು ಹೇಳದೆ ಬಿಡಲಾರೆ.

ಬ್ರಹ್ಮಾವರದ ವೇಷಧಾರಿ

ಯಕ್ಷಗಾನ ಮೇಳದಲ್ಲಿ ತಿರುಗಾಟ ಮಾಡುವವನು ನಾನು. ಮೇಳದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಊರೂರು ಸುತ್ತಾಟ, ರಾತ್ರಿ ಕುಣಿತ, ಹಗಲು ನಿದ್ದೆ. ಮಂಡಿಯೂರಿ ಕುಣಿದು ಎರಡೂ ಮೊಣಕಾಲು ನೋಯುತ್ತವೆ. ಕೂತು ಧ್ಯಾನ ಮಾಡುವಷ್ಟು ಬಿಡುವು ನನಗೆ ಸಿಗುವುದಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಹೊತ್ತನ್ನೇ ಅದಕ್ಕೆ ಬಳಸಿಕೊಂಡಿದ್ದೇನೆ. ಕಣ್ಣಿನ ಕೆಳಗೆ ಕಡ್ಡಿಯಿಂದ ಗೆರೆ ಎಳೆಯುವಾಗ ಒದ್ದೆ ಬಣ್ಣದ ತಣ್ಪು ಚರ್ಮಕ್ಕೆ ತಾಗಿ, ಒಣಗುತ್ತ ಬಿಗಿಯುವುದನ್ನು ಗಮನಿಸುತ್ತ ಇದ್ದರೆ ಸುತ್ತಲಿನ ಗದ್ದಲ ಕಿವಿಗೆ ಬಿದ್ದರೂ ಮನಸ್ಸನ್ನು ಎಳೆಯುವುದಿಲ್ಲ. ಆಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ, ಬರಿಗಾಲಲ್ಲಿ ಗದ್ದೆಯ ಬದಿಯಲ್ಲಿ ನಿಧಾನವಾಗಿ ನಡೆಯುತ್ತೇನೆ. ಹಿಮ್ಮಡಿ ತಾಗಿತು, ಪಾದ ತಾಗಿತು, ಬೆರಳು ಎತ್ತಿತು ಎಂಬುದಷ್ಟೇ ಗಮನ. ಕುಣಿತದ ಬಿರುಸಿನಲ್ಲಿ ಮೊಣಕಾಲಿನ ಸುತ್ತ ಕಟ್ಟಿಕೊಂಡ ಬಿಗಿತ ಆ ನಡಿಗೆಯಲ್ಲಿ ಸಡಿಲವಾಗುತ್ತದೆ. ಪರ್ಕಳದ ಅಕ್ಕನವರ ಅಮ್ಮನಿಗೂ ಕೂರುವುದು ಕಷ್ಟವಾದರೆ ಅಂಗಳದಲ್ಲಿ ಹೀಗೆ ನಡೆಯಬಹುದೇನೋ. ಆದರೆ ಮಳೆಗಾಲದ ಪಾಚಿಯ ಮೇಲೆ ಬೇಡ, ಒಳಗಿನ ಚಾವಡಿಯಲ್ಲೇ ಆಗಲಿ.

ಪರ್ಕಳದ ಮಗಳು

ಇಷ್ಟೊಂದು ಮಂದಿ ಮನಸ್ಸಿಟ್ಟು ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ಕೆಲವು ವಾರಗಳಿಂದ ಅಮ್ಮನ ಜೊತೆ ನಾನೂ ಕೂರುತ್ತಿದ್ದೇನೆ. ಬೆಳಗ್ಗಿನ ಗಂಜಿ ಆದ ಮೇಲೆ, ಮಕ್ಕಳು ಶಾಲೆಯ ಬಸ್ಸಿಗೆ ಹೋದ ಹೊತ್ತಿನಲ್ಲಿ. ಕುರ್ಚಿ, ಮಣೆ, ಬೈರಾಸು ಎಲ್ಲ ಹೇಳಿದ ಹಾಗೆಯೇ. ಕನ್ನಡದಲ್ಲಿ ಎಣಿಸಿ ಎಂದರೆ ಪಾಠದ ಹಾಗೆ ಅನಿಸುತ್ತದೆ ಎಂದರು. ಈಗ ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲಿಯೇ ಎಣಿಸುತ್ತಾರೆ. ಮಠದವರ ಕೆಲಸ ಎಂಬ ಮಾತು ಅಲ್ಲಿಗೆ ನಿಂತಿತು.

ದೇಹದ ಅವಲೋಕನ ಆರಂಭಿಸಿದ ದಿನಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಮ್ಮ ಕಣ್ಣು ಮುಚ್ಚಿ ಕೂತಿದ್ದರೂ ಬಲಭುಜ ಕಿವಿಯ ಹತ್ತಿರಕ್ಕೆ ಏರಿಯೇ ಇತ್ತು. ತೊಡೆಯ ಮೇಲಿದ್ದ ಬಲಗೈಯ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಉಜ್ಜುತ್ತಲೇ ಇತ್ತು, ಎಲೆ ಸುರುಳಿ ಸುತ್ತುವಾಗಿನ ಅದೇ ಚಲನೆ. ನಾನು ಮೆಲ್ಲಗೆ ಹೇಳಿದಾಗ ಅವರಿಗೂ ಆಶ್ಚರ್ಯವಾಯಿತು, ಕೈ ಹಾಗೆ ಆಡುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಈಗ ಕೈಗೆ ಬಂದಾಗ ಬೆರಳುಗಳನ್ನು ಬಿಡಿಸಿ ಅಂಗೈಯನ್ನು ಮೇಲಕ್ಕೆ ಮಾಡಿ ಇಟ್ಟುಕೊಳ್ಳುತ್ತಾರೆ, ಭುಜ ತಾನಾಗಿಯೇ ಇಳಿಯುತ್ತದೆ. ಸೊಂಟದ ನೋವು ಇದೆ. ಆದರೆ ರಾತ್ರಿ ಎಚ್ಚರವಾದರೆ ಎದ್ದು ಕೂರದೆ, ಮಲಗಿದಲ್ಲಿಯೇ ಎಣಿಸುತ್ತ ಮತ್ತೆ ನಿದ್ದೆ ಹೋಗುತ್ತೇನೆ ಎನ್ನುತ್ತಾರೆ.

ಈಗ ಎರಡು ಪ್ರಶ್ನೆಗಳಿವೆ. ನೋವು ಕೆರಳಿದ ದಿನ ಮಾಡಿಸಬೇಕೇ, ಬಿಡಬೇಕೇ? ನಾನು ಕೆಲಸಕ್ಕೆ ಹೋದಾಗ ಅವರೊಬ್ಬರೇ ಕೇಳಲೆಂದು ತುಳುವಿನಲ್ಲಿ ನನ್ನ ಧ್ವನಿಯಲ್ಲಿಯೇ ಮುದ್ರಿಸಿಕೊಡೋಣ ಎಂದಿದ್ದೇನೆ, ಅದನ್ನು ಹೇಗೆ ಮಾಡಲಿ?

ಫಿಸಿಯೋಥೆರಪಿಸ್ಟ್, ಮಂಗಳೂರು

ಬೆರಳಿನ ವಿಷಯ ಓದಿ ಬಹಳ ಸಂತೋಷವಾಯಿತು ಅಕ್ಕಾ. ಭುಜದ ಸೆಳೆತಕ್ಕೆ ಅದೂ ಒಂದು ಕಾರಣವಿರಬಹುದು. ಮುಂದಿನ ಸಲ ಫಿಸಿಯೋಥೆರಪಿಗೆ ಹೋದಾಗ ತಪ್ಪದೆ ಹೇಳಿ, ವ್ಯಾಯಾಮದಲ್ಲಿ ಸ್ವಲ್ಪ ಬದಲಾವಣೆ ಮಾಡಿಕೊಡುತ್ತಾರೆ. ದಿನದಲ್ಲಿ ನೀರು ಕುಡಿಯಲು ಎದ್ದಾಗಲೆಲ್ಲ ಭುಜ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳುವ ಅಭ್ಯಾಸವಾದರೆ ಇನ್ನೂ ಒಳ್ಳೆಯದು.

ನೋವು ಕೆರಳಿದ ದಿನ ಪೂರ್ತಿ ಬಿಡುವುದು ಬೇಡ, ಆದರೆ ದೇಹದ ಅವಲೋಕನ ಬೇಡ. ಮಲಗಿಸಿ, ಮೊಣಕಾಲ ಕೆಳಗೆ ದಿಂಬು ಇಟ್ಟು, ಅಂಗೈ ಹೊಟ್ಟೆಯ ಮೇಲಿಟ್ಟು ಎಣಿಕೆ ಮಾತ್ರ. ಬಿಸಿನೀರಿನ ಚೀಲ ಇಡುವ ಅಭ್ಯಾಸವಿದ್ದರೆ ಅದೇ ಹೊತ್ತಿಗೆ ಇಡಿ, ಬಟ್ಟೆ ಸುತ್ತಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿದ್ದರೆ ಬಿಸಿ ತಿಳಿಯದೆ ಸುಟ್ಟುಬಿಡುತ್ತದೆ, ಅದನ್ನು ನೀವು ಮುಟ್ಟಿ ನೋಡಬೇಕು.

ಮಣಿಪಾ‌ಲದ ಉಪನ್ಯಾಸಕ

ಧ್ವನಿಮುದ್ರಣಕ್ಕೆ ಸಂಬಂಧಿಸಿದಂತೆ ಒಂದೆರಡು ಮಾತು. ನೀವು ಓದುವ ಹಾಗೆ ಹೇಳಬೇಡಿ. ಅಮ್ಮನ ಎದುರಿಗೆ ಕೂತು, ಅವರ ಉಸಿರನ್ನು ನೋಡುತ್ತ ಹೇಳಿ, ಹಾಗೆಯೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಪ್ರತಿ ಭಾಗದ ಹೆಸರು ಹೇಳಿದ ಮೇಲೆ ಅವರ ಎರಡು ಮೂರು ಉಸಿರಿನಷ್ಟು ಹೊತ್ತು ಸುಮ್ಮನಿರಿ. ಹೇಳುವವರಿಗೆ ಆ ಮೌನ ಬಹಳ ಉದ್ದ ಅನಿಸುತ್ತದೆ, ಕೇಳುವವರಿಗೆ ಅಷ್ಟು ಬೇಕು. ಹಿನ್ನೆಲೆ ಸಂಗೀತ ಬೇಡ. ಐದು ನಿಮಿಷದ ಎಣಿಕೆ ಒಂದು, ಹದಿನೈದು ನಿಮಿಷದ ಅವಲೋಕನ ಒಂದು, ಹೀಗೆ ಬೇರೆ ಬೇರೆಯಾಗಿ ಇಟ್ಟರೆ ನೋವು ಹೆಚ್ಚಿದ ದಿನ ಚಿಕ್ಕದನ್ನು ಅವರೇ ಆರಿಸಿಕೊಳ್ಳುತ್ತಾರೆ. ಕೇಳುವಾಗ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದನ್ನು ಕಲಿಸಿಕೊಡಿ, ನಡುವೆ ಕರೆ ಬಂದರೆ ಗಾಬರಿಯಾಗುತ್ತದೆ.

ಪರ್ಕಳದ ಮಗಳು

ಹಾಗೆಯೇ ಮಾಡುತ್ತೇನೆ ಸರ್. ಈ ಭಾನುವಾರ ಮುದ್ರಿಸುತ್ತೇನೆ. ನೆರೆಮನೆಯ ಇಬ್ಬರು, ಅವರೂ ಬೀಡಿ ಕಟ್ಟಿದವರೇ, ತಮಗೂ ಬೇಕು ಎಂದಿದ್ದಾರೆ. ಅವರಿಬ್ಬರೂ ಮೊದಲು ವೈದ್ಯರಿಗೆ ತೋರಿಸಿಕೊಂಡು ಬರಲಿ, ಆಮೇಲೆ ಕೊಡುತ್ತೇನೆ.